ಕುರ್ಚಿಯಲ್ಲಿ ಕೂರಿಸಿ ದೇಶ ಸುತ್ತಿಸಿದ ಗಡಿಯಾರದಕ್ಕ

ಬ್ಯಾಗಿನ ಅಂಗಡಿಯ ಯಜಮಾನರು ಗಡಿಯಾರದಕ್ಕನನ್ನು ಮೊದಲು ನೋಡಿದ್ದು ಜಗಳವಾಡಲೆಂದು ಮೆಟ್ಟಿಲು ಹತ್ತಿದ ದಿನ.

ಅಂದು ಬೆಳಗ್ಗೆ ಅವರು ಗಿರಾಕಿಯೊಬ್ಬರಿಗೆ ಚಕ್ರದ ಸೂಟ್‌ಕೇಸು ತೋರಿಸುತ್ತಿದ್ದರು. "ಈ ಚಕ್ರ ನೋಡಿ ಸಾರ್, ಬೆಣ್ಣೆ ಮೇಲೆ ಓಡಿದ ಹಾಗೆ. ಸದ್ದು ಅನ್ನೋದೇ ಇಲ್ಲ," ಎಂದು ನೆಲದ ಮೇಲೆ ಎಳೆದರು. ಅದೇ ಗಳಿಗೆಗೆ ಮಹಡಿಯ ಮೇಲಿನಿಂದ ಕರ್ರೋ ಎಂದು ಹಲ್ಲು ಜುಮ್ಮೆನಿಸುವ ಸದ್ದು ಬಂತು. ಗಿರಾಕಿ ಚಕ್ರವನ್ನು ನೋಡಿದರು, ಯಜಮಾನರನ್ನು ನೋಡಿದರು, "ಇನ್ನೆರಡು ಅಂಗಡಿ ನೋಡ್ಕೊಂಡು ಬರ್ತೀನಿ" ಎಂದರು. ಹಾಗೆ ಹೇಳಿ ಹೋದವರು ವಾಪಸ್ ಬಂದದ್ದನ್ನು ಯಜಮಾನರು ತಮ್ಮ ವ್ಯಾಪಾರದ ಆಯುಷ್ಯದಲ್ಲಿ ಕಂಡಿರಲಿಲ್ಲ.

ಮೇಲಿನ ಕೋಣೆಗೆ ಹೊಸಬರು ಬಂದು ಹತ್ತು ದಿನವಾಗಿತ್ತು. ಬಾಗಿಲಿಗೆ 'ಹೊರದೇಶದ ರಸ್ತೆ ಪ್ರವಾಸಕ್ಕೆ ದಿನವಾರು ಪಟ್ಟಿ ಹಾಕಿಕೊಡಲಾಗುವುದು' ಎಂಬ ಬೋರ್ಡು. ಬಾಗಿಲು ತಳ್ಳಿದ ಯಜಮಾನರು ಹೊಸ್ತಿಲಲ್ಲೇ ನಿಂತರು. ಒಳಗೆ ನಾಲ್ಕು ಕುರ್ಚಿ, ಮುಂದೆರಡು, ಹಿಂದೆರಡು. ಅವುಗಳಲ್ಲಿ ಗಂಡ, ಹೆಂಡತಿ, ಬೆಳೆದ ಇಬ್ಬರು ಹೆಣ್ಣುಮಕ್ಕಳು. ನಾಲ್ವರೂ ಖಾಲಿ ಗೋಡೆಯನ್ನು ನೋಡುತ್ತಾ ಕೂತಿದ್ದಾರೆ. ಗಂಡನ ಕೈಯಲ್ಲೊಂದು ದುಂಡನೆಯ ತಟ್ಟೆ. ಅದನ್ನು ಆತ ಬಹಳ ಗಂಭೀರವಾಗಿ ಎಡಕ್ಕೆ ತಿರುಗಿಸುತ್ತಿದ್ದಾನೆ. ಮೂಲೆಯ ಮೇಜಿನ ಹಿಂದೆ ಅರವತ್ತು ದಾಟಿದ ಗಿಡ್ಡನೆಯ ಹೆಂಗಸೊಬ್ಬರು, ಎರಡೂ ಕೈಗೆ ಒಂದೊಂದು ಗಡಿಯಾರ ಕಟ್ಟಿಕೊಂಡು, ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾರೆ.

"ಏನ್ರೀ ಇದು..."

"ಶ್! ಗಾಡಿ ಬೆಟ್ಟ ಇಳೀತಾ ಇದೆ," ಎಂದರು ಅವರು ತಲೆ ಎತ್ತದೆ. "ಡ್ರೈವರ್ ಹತ್ರ ಮಾತಾಡಬಾರದು."

ಯಜಮಾನರು ಬಾಗಿಲು ಮೆಲ್ಲಗೆ ಮುಂದೆ ಮಾಡಿ ಕೆಳಗಿಳಿದರು. ಅರ್ಧ ಮೆಟ್ಟಿಲು ಇಳಿದ ಮೇಲೆ, ಸ್ವಂತ ಅಂಗಡಿಯ ಮೆಟ್ಟಿಲ ಮೇಲೆ ತಾವು ತುದಿಗಾಲಲ್ಲಿ ನಡೆಯುತ್ತಿರುವುದು ಗಮನಕ್ಕೆ ಬಂದು ನಾಚಿಕೆಯಾಯಿತು.

ಆಮೇಲೆ ಅವರ ಕಿವಿಗೆ ಬಿದ್ದದ್ದು ಇಷ್ಟು. ಗಡಿಯಾರದಕ್ಕ ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಇದ್ದವರು. ಯಾವ ಬಸ್ಸು ಎಷ್ಟಕ್ಕೆ ಹೊರಡಬೇಕು, ಯಾವ ಡ್ರೈವರು ಎಲ್ಲಿ ಇಳಿದು ಯಾರು ಹತ್ತಬೇಕು ಎಂಬ ಪಟ್ಟಿಯೆಲ್ಲ ಅವರ ಕೈಯದು. ಡ್ರೈವರು ಬಸ್ಸು ಹತ್ತುವ ರೀತಿ ನೋಡಿಯೇ ಅವನಿಗೆ ನಿದ್ದೆಯಾಗಿದೆಯೋ ಇಲ್ಲವೋ ಹೇಳುತ್ತಿದ್ದರಂತೆ. ಆಗದವನನ್ನು "ನಿನ್ನ ಬಸ್ಸು ಇವತ್ತು ಮಂಚ ಕಣಪ್ಪ, ನಡಿ" ಎಂದು ಮನೆಗೆ ಅಟ್ಟುತ್ತಿದ್ದರಂತೆ. ಅವರ ಪಟ್ಟಿಯಲ್ಲಿ ಹೊರಟ ಒಂದು ಬಸ್ಸೂ ರಸ್ತೆ ಬಿಟ್ಟು ಕೆಳಗಿಳಿಯಲಿಲ್ಲ ಎಂದು ಡಿಪೋದವರು ಹೇಳುತ್ತಾರೆ. ತಡವಾಗಿ ಬಂದದ್ದೆಷ್ಟು ಎಂದು ಪ್ರಯಾಣಿಕರನ್ನು ಕೇಳಬೇಕು. ಅವರು ಬೇರೆಯೇ ಹೇಳಬಹುದು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾರದೆ ಈ ಕೆಲಸಕ್ಕೆ ಇಳಿದರು. ಹೊರದೇಶಕ್ಕೆ ಹೋಗಿ ಬಾಡಿಗೆ ಕಾರನ್ನು ತಾವೇ ಓಡಿಸಿಕೊಂಡು ನಾಲ್ಕಾರು ದಿನ ಸುತ್ತುವವರಿಗೆ ದಾರಿ, ವೇಳೆ, ತಂಗುವ ಜಾಗ ಎಲ್ಲವನ್ನೂ ಹೊಂದಿಸಿ ಕೊಡುವುದು. ಎಡಗೈ ಗಡಿಯಾರ ಇಲ್ಲಿಯದು. ಬಲಗೈಯದು ಗಿರಾಕಿ ಯಾವ ದೇಶಕ್ಕೆ ಹೊರಟಿದ್ದಾನೋ ಅಲ್ಲಿಯದು.

ಅವರು ಮಾತ್ರ ಒಂದು ದೇಶವನ್ನೂ ನೋಡಿದವರಲ್ಲ. ಯಾರಾದರೂ ಅದನ್ನು ಎತ್ತಿ ಆಡಿದರೆ, "ನಾನು ಡ್ರೈವರನ್ನ ನೋಡಿದೀನಿ. ದೇಶ ನೋಡೋಕೆ ನೀವಿದೀರಲ್ಲ," ಎನ್ನುತ್ತಿದ್ದರು. ಚೆಲುವಿನ ವರ್ಣನೆ ಅವರ ಕೈಲಾಗದ ಕೆಲಸ. ಎಂಥ ಸರೋವರವಿರಲಿ, ಎಂಥ ಹಿಮದ ಶಿಖರವಿರಲಿ, ಅವರ ಪಟ್ಟಿಯಲ್ಲಿ ಅದರ ಎದುರು ಎರಡೇ ಮಾತು: 'ನೋಟ: ಇದೆ.' ಶೌಚಾಲಯದ ಎದುರು ಮಾತ್ರ ನಾಲ್ಕು ಸಾಲು.

ಬಂದವರಿಗೆಲ್ಲ ಪಟ್ಟಿ ಹಾಕಿಕೊಡುವವರೂ ಅಲ್ಲ. ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಕುರ್ಚಿಯಲ್ಲಿ ಕೂತು ಹನ್ನೆರಡು ನಿಮಿಷವಾಗಿರಲಿಲ್ಲ, ಹುಡುಗ ತಟ್ಟೆ ತಿರುಗಿಸುತ್ತಲೇ "ನಿಂಗೆ ನಕ್ಷೆ ನೋಡೋಕೂ ಬರಲ್ವಾ?" ಎಂದು ಹೆಂಡತಿಯ ಮೇಲೆ ಹರಿಹಾಯ್ದ. ಗಡಿಯಾರದಕ್ಕ ನೋಟ್‌ಬುಕ್ಕು ಮುಚ್ಚಿ, "ನೀವು ರೈಲಲ್ಲಿ ಹೋಗಿ ಮಕ್ಕಳೇ. ಅಲ್ಲಿ ನಕ್ಷೆ ಬೇಕಾಗಲ್ಲ," ಎಂದು ಕಳಿಸಿಕೊಟ್ಟರು. ಬಂದ ಗಿರಾಕಿಯನ್ನು ಹೀಗೆ ಕೈಯಾರೆ ಹೊರಗೆ ಕಳಿಸುವುದನ್ನು ಕೇಳಿ ಯಜಮಾನರಿಗೆ ಸ್ವಂತ ಗಲ್ಲಾದ ದುಡ್ಡು ಹೋದಷ್ಟು ಸಂಕಟವಾಯಿತು. ಆದರೂ ಆ ಸಂಕಟದ ಪಕ್ಕದಲ್ಲೇ ಇನ್ನೇನೋ ಒಂದು, ಗೌರವದಂಥದ್ದು, ಬಂದು ಕೂತಿತು.

ಅದಾಗಿ ಎಂಟು ತಿಂಗಳಿಗೆ ಯಜಮಾನರ ತಲೆಗೂ ಒಂದು ಪ್ರವಾಸ ಹೊಕ್ಕಿತು. ಮದುವೆಯಾಗಿ ಮೂವತ್ತು ವರ್ಷ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಕಿತ್ತ ಜಿಪ್ಪು, ಹರಿದ ಹಿಡಿಕೆ ಸರಿಮಾಡುವುದು ಅವರ ಹೆಂಡತಿಯ ಕೆಲಸ. ದೇಶದೇಶ ಸುತ್ತಿ ಬಂದ ಬ್ಯಾಗುಗಳೆಲ್ಲ ಅವಳ ತೊಡೆಯ ಮೇಲೆ ಮಲಗಿ ಎದ್ದು ಮತ್ತೆ ಹೋಗಿವೆ. ಅವಳು ಇದ್ದಲ್ಲೇ ಇದ್ದಾಳೆ. ಅವಳನ್ನು ಕರೆದುಕೊಂಡು, ಜೊತೆಗೆ ಶಾಲೆಯಲ್ಲಿ ಗಣಿತ ಹೇಳುವ ತಂಗಿಯನ್ನೂ ಸೇರಿಸಿಕೊಂಡು, ಸರೋವರಗಳ ನಡುವೆ ಸಾಗಿ, ಬೆಟ್ಟ ಹತ್ತಿ, ಸಮುದ್ರದ ಅಂಚಿಗೆ ಇಳಿಯುವ ಹೊರದೇಶದ ಹೆಸರಾಂತ ರಸ್ತೆಯೊಂದರಲ್ಲಿ ಆರು ದಿನ ಕಾರು ಓಡಿಸಬೇಕು. ಇದು ಯಜಮಾನರ ಆಸೆ.

ಹೆಂಡತಿ ಒಲ್ಲೆ ಎಂದಳು.

ಅದಕ್ಕೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಯಜಮಾನರು ಸ್ವದೇಶದೊಳಗೇ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಐದು ದಿನ ಕಾರಿನಲ್ಲಿ ಸುತ್ತಿಸಿದ್ದರು. ವಾಪಸ್ ಬಂದ ಮೇಲೆ ಪಕ್ಕದ ಮನೆಯವರು ಏನೇನು ನೋಡಿದಿರಿ ಎಂದು ಕೇಳಿದ್ದಕ್ಕೆ ಅವಳು, "ನಮ್ಮ ಯಜಮಾನರ ತಲೆ ಹಿಂಭಾಗ ನೋಡಿದೆ. ಚೆನ್ನಾಗಿದೆ. ಮಧ್ಯದಲ್ಲಿ ಸ್ವಲ್ಪ ಕೂದಲು ಕಮ್ಮಿ," ಎಂದಿದ್ದಳು. ಬೀದಿಯೆಲ್ಲ ನಕ್ಕಿತು. ಯಜಮಾನರೂ ನಕ್ಕರು, ಮರುದಿನದಿಂದ ಟೋಪಿ ಹಾಕತೊಡಗಿದರು.

ಈಗಲೂ ಅವಳದು ಅದೇ ರಾಗ. "ಆ ತಲೆ ನೋಡೋಕೆ ವಿಮಾನ ಬೇರೆ ಹತ್ತಬೇಕಾ? ಮನೇಲೇ ಕಾಣುತ್ತಲ್ಲ."

ವೀಸಾ ಅರ್ಜಿಗೆ ದಿನವಾರು ಪಟ್ಟಿ ಲಗತ್ತಿಸಿ, ಮೂವರೂ ಸಹಿ ಹಾಕಿ, ಶುಕ್ರವಾರ ಸಂಜೆ ಐದರೊಳಗೆ ಕೊಡಬೇಕಿತ್ತು. ಎರಡು ಸಹಿ ಬಿದ್ದಿದ್ದವು. ಮೂರನೆಯದರ ಜಾಗ ಖಾಲಿ.

"ಅತ್ತಿಗೆ ಬರದಿದ್ರೆ ನಾವಿಬ್ರೇ ಹೋಗಿ ಬರೋಣ ಅಣ್ಣ," ಎಂದಳು ತಂಗಿ.

ಯಜಮಾನರು ಅರ್ಜಿಯನ್ನು ಮಡಿಸಿ ಗಲ್ಲಾಪೆಟ್ಟಿಗೆಗೆ ಹಾಕಿದರು. ಅವಳಿಲ್ಲದೆ ಹೋದರೆ ಅದು ಪ್ರವಾಸವಲ್ಲ, ಸರಕು ತರಲು ಹೋಗಿಬಂದ ಹಾಗೆ ಎಂದು ಅವರಿಗೆ ಗೊತ್ತಿತ್ತು. ಇದನ್ನು ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳಿದ್ದರೆ ಅರ್ಧ ಕೆಲಸ ಅಲ್ಲೇ ಆಗುತ್ತಿತ್ತೇನೋ. ಆದರೆ ಮೂವತ್ತು ವರ್ಷದಿಂದ ಅವರು ಬಾಯಿಬಿಟ್ಟು ಹೊಗಳಿದ್ದು ಬ್ಯಾಗುಗಳನ್ನು ಮಾತ್ರ.

ಸೋಮವಾರ ತಾವೇ ಬರೆದ ಪಟ್ಟಿ ಹಿಡಿದು ಮೆಟ್ಟಿಲು ಹತ್ತಿದರು. ಬ್ಯಾಗು ತುಂಬುವುದರಲ್ಲಿ ಯಜಮಾನರನ್ನು ಮೀರಿಸುವವರು ಆ ಬೀದಿಯಲ್ಲಿಲ್ಲ. ಶೂ ಒಳಗೆ ಕಾಲುಚೀಲ, ಕಾಲುಚೀಲದೊಳಗೆ ಕನ್ನಡಕ, ಮೂಲೆ ಸಂದಿಯಲ್ಲಿ ಸೋಪು. ಗಾಳಿಗೂ ಜಾಗ ಬಿಟ್ಟವರಲ್ಲ. ಆರು ದಿನವನ್ನೂ ಹಾಗೆಯೇ ತುಂಬಿದ್ದರು. ಒಂಬತ್ತು ಊರು, ಎರಡು ಜಲಪಾತ, ಒಂದು ಕೋಟೆ, ಕೋಟೆಯಿಂದ ಇಳಿಯುವಾಗ ಕಾರಿನಲ್ಲೇ ಊಟ, ಊಟ ಅರಗುವುದರೊಳಗೆ ಒಂದು ವಸ್ತುಸಂಗ್ರಹಾಲಯ.

ಗಡಿಯಾರದಕ್ಕ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಇದು ಪ್ರವಾಸ ಅಲ್ಲ ರೀ, ಸೂಟ್‌ಕೇಸು. ಇಬ್ಬರು ಹತ್ತಿ ಕೂತರೂ ಜಿಪ್ಪು ಹಾಕೋಕಾಗಲ್ಲ."

"ಎಲ್ಲಾ ಹಿಡಿಸುತ್ತೆ ಅಕ್ಕ. ಬೆಳಗ್ಗೆ ಆರಕ್ಕೆ ಹೊರಟರೆ..."

"ಆರಕ್ಕೆ ಹೊರಡೋರು ಯಾರು? ನೀವೊಬ್ಬರಾ, ಮನೆಯವರೂನಾ?"

ಯಜಮಾನರು ಟೋಪಿ ಸರಿಮಾಡಿಕೊಂಡರು.

"ಬರೋರನ್ನೆಲ್ಲ ಕರ್ಕೊಂಡು ಬನ್ನಿ. ಕೂರಿಸಿ ನೋಡದೆ ನಾನು ಪಟ್ಟಿ ಹಾಕಲ್ಲ. ಅಳತೆ ತಗೊಳ್ಳದೆ ಯಾವ ದರ್ಜಿ ಬಟ್ಟೆ ಹೊಲೀತಾನೆ?"

"ಒಬ್ಬರು ಬರಲ್ಲ ಅಂತಿದಾರೆ," ಎಂದರು ಯಜಮಾನರು, ಬೇರೆ ಯಾರದೋ ಮನೆಯ ಸುದ್ದಿ ಹೇಳುವವರಂತೆ.

"ಹಾಗಾದ್ರೆ ಅವರನ್ನೇ ಮೊದಲು ಕರ್ಕೊಂಡು ಬನ್ನಿ."

ಹೆಂಡತಿ ಅಚ್ಚರಿಯೆಂಬಂತೆ ಒಪ್ಪಿದಳು. "ಕುರ್ಚಿ ಮೇಲೆ ತಾನೆ? ಅಷ್ಟಾದ್ರೆ ಬರ್ತೀನಿ. ಬೇಜಾರಾದ್ರೆ ಎದ್ದು ಮನೆಗೆ ಬರಬಹುದು."

ಬುಧವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಮೂವರೂ ಮೇಲೆ ಹೋದರು. ನಾಲ್ಕು ಕುರ್ಚಿ ಸಿದ್ಧವಾಗಿದ್ದವು. "ಬೇಕಾದಲ್ಲಿ ಕೂತ್ಕೊಳ್ಳಿ," ಎಂದರು ಗಡಿಯಾರದಕ್ಕ. ಯಜಮಾನರು ತಟ್ಟೆ ಹಿಡಿದು ಡ್ರೈವರಾದರು. ತಂಗಿ ಮುಂದಿನ ಕುರ್ಚಿಗೆ ಹಾರಿ ಕೂತಳು. ಹೆಂಡತಿ ಗಂಡನ ಬೆನ್ನ ಹಿಂದೆ ಹೋಗಿ ಕೂತಳು.

"ಅಲ್ಯಾಕೆ ಕೂತ್ರಿ?"

"ಅಭ್ಯಾಸ."

ಗಡಿಯಾರದಕ್ಕ ಅದನ್ನು ಬರೆದುಕೊಂಡರು.

ಸೂರಿನ ಕೊಂಡಿಯಿಂದ ಹಳೆಯ ಬಸ್ಸಿನ ಗಂಟೆಯೊಂದು ಉದ್ದನೆಯ ಹಗ್ಗದ ಸಮೇತ ನೇತಾಡುತ್ತಿತ್ತು. "ಒಂದು ಸಲ ಎಳೆದರೆ ಗಾಡಿ ನಿಲ್ಲಬೇಕು. ಎರಡು ಸಲ ಎಳೆದರೆ ಹೊರಡಬೇಕು. ಯಾರು ಬೇಕಾದ್ರೂ ಎಳೀಬಹುದು. ಯಾಕೆ ಅಂತ ಡ್ರೈವರ್ ಕೇಳೋ ಹಾಗಿಲ್ಲ."

ಹೀಗೆ ಕಾರು ಹೊರಟಿತು. ಯಜಮಾನರದೇ ಪಟ್ಟಿ, ಅವರದೇ ದಾರಿ; ಅದರಲ್ಲಿ ಗಡಿಯಾರದಕ್ಕ ಆರಿಸಿದ ಐದನೇ ದಿನದ ತುಂಡು. ಆ ದೇಶದ ರಸ್ತೆಯನ್ನು ಗಡಿಯಾರದಕ್ಕ ಎರಡು ದಿನ ಕಂಪ್ಯೂಟರಿನ ಚಿತ್ರದಲ್ಲಿ ಹೆಜ್ಜೆಹೆಜ್ಜೆಯಾಗಿ ತಳ್ಳಿ ನೋಡಿ ಬರೆದಿಟ್ಟುಕೊಂಡಿದ್ದರು. ಈಗ ಅದನ್ನು, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೆಸರು ಕೂಗುವ ದನಿಯಲ್ಲಿ, ಓದತೊಡಗಿದರು. "ಎಡಗಡೆ ಸಮುದ್ರ. ನೋಟ ಇದೆ. ಆದರೆ ಎದುರಿನ ಗಾಡಿಗಳ ಆಚೆ, ಅಲ್ಲಿ ನಾವು ಓಡೋದು ಬಲಗಡೆ. ಮುಂದೆ ಬಿಳೀ ದೀಪಸ್ತಂಭ."

ಇಪ್ಪತ್ತನೇ ನಿಮಿಷಕ್ಕೆ ಗಂಟೆ ಹೊಡೆಯಿತು. ತಂಗಿ.

"ಈಗ ತಾನೆ ಹೊರಟಿದ್ದು ಕಣೇ!"

"ಯಾಕೆ ಅಂತ ಕೇಳೋ ಹಾಗಿಲ್ಲ ಅಣ್ಣ. ರೂಲ್ಸು," ಎಂದು ತಂಗಿ ನಿಜವಾಗಿಯೂ ಎದ್ದು ಶೌಚಾಲಯಕ್ಕೆ ಹೋಗಿಬಂದಳು.

ಮತ್ತೆ ಹೊರಟರು. ದಾರಿ ಬದಿ ಹಣ್ಣು ಮಾರುವವರು ಬಂದರು. "ನಿಲ್ಲೋಕೆ ಟೈಮಿಲ್ಲ," ಎಂದರು ಯಜಮಾನರು. ಕುದುರೆ ಮೇಯುವ ಹುಲ್ಲುಗಾವಲು ಬಂತು. "ಕಿಟಕಿಯಿಂದಲೇ ಕಾಣುತ್ತಲ್ಲ." ಹಿಂದಿನ ಕುರ್ಚಿಯಲ್ಲಿ ಹೆಂಡತಿಯ ತಲೆ ಪ್ರತಿ ಸಲವೂ ಬದಿಗೆ ಹೊರಳುತ್ತಿತ್ತು, ಒಮ್ಮೆ ಕೈ ಹಗ್ಗದ ತನಕ ಹೋಗಿ ಮಡಿಲಿಗೆ ಇಳಿಯಿತು. ಆ ಕಾರಿಗೆ ಕನ್ನಡಿಯಿರಲಿಲ್ಲ. ಯಜಮಾನರಿಗೆ ಇದೊಂದೂ ಕಾಣಲಿಲ್ಲ. ಗಡಿಯಾರದಕ್ಕನಿಗೆ ಎಲ್ಲವೂ ಕಾಣುತ್ತಿತ್ತು.

"ಐವತ್ತೈದನೇ ನಿಮಿಷ. ಡ್ರೈವರ್ ಕುತ್ತಿಗೆ ಉಜ್ಜಿಕೊಂಡರು."

"ನಾನೆಲ್ಲಿ ಉಜ್ಜಿದೆ?"

"ಎರಡು ಸಲ. ಮುಂದೆ ನೋಡಿ ಓಡಿಸಿ." ಹಾಳೆ ತಿರುಗಿಸಿದರು. "ಈಗ ಕೊಲ್ಲಿ ಅಡ್ಡ ಬರುತ್ತೆ. ಎರಡು ದಾರಿ. ಸೇತುವೆ ಮೇಲಾದ್ರೆ ಹನ್ನೆರಡು ನಿಮಿಷ. ಕಾರು ಹತ್ತಿಸಿಕೊಳ್ಳೋ ದೊಡ್ಡ ದೋಣೀಲಾದ್ರೆ ಕಾಯೋದು ನಲವತ್ತು, ದಾಟೋದು ಇಪ್ಪತ್ತೈದು. ಇಂಜಿನ್ ಆರಿಸಿ ಎಲ್ಲರೂ ಇಳೀಬೇಕು. ಕೂರೋಕೆ ಒಂದು ಬೆಂಚಿದೆ."

"ಸೇತುವೆ," ಎಂದರು ಯಜಮಾನರು ತಕ್ಷಣ.

ಗಂಟೆ ಹೊಡೆಯಿತು. ಒಂದೇ ಸಲ.

"ನಾನಲ್ಲಪ್ಪ," ಎಂದು ತಂಗಿ ಎರಡೂ ಕೈ ಎತ್ತಿ ತೋರಿಸಿದಳು.

ಯಜಮಾನರು ತಿರುಗಿದರು. ಹಗ್ಗ ಹೆಂಡತಿಯ ಕೈಯಲ್ಲಿತ್ತು. "ಅಲ್ಲೇನಿದೆ ಅಂತ? ಬರೀ ಬೆಂಚು!"

"ಯಾಕೆ ಅಂತ..." ಎಂದು ಗಡಿಯಾರದಕ್ಕ ಬಾಯಿ ತೆರೆದರು. ಆದರೆ ಹೆಂಡತಿ ತಾನೇ ಹೇಳಿದಳು.

"ಇಂಜಿನ್ ಆರಿಸಬೇಕು ಅಂದ್ರಲ್ಲ. ನಲವತ್ತು ನಿಮಿ‍ಷ ನೀವು ಎಲ್ಲಿಗೂ ಓಡೋ ಹಾಗಿಲ್ಲ. ಆ ಬೆಂಚ್ ಮೇಲೆ, ನನ್ನ ಪಕ್ಕದಲ್ಲಿ ಕೂರಲೇಬೇಕು." ಹಗ್ಗ ಬಿಟ್ಟು ಸೇರಿಸಿದಳು, "ಮುಖಾನೂ ಒಂದ್ಸಲ ನೋಡೋಣ ಅಂತ."

ಯಜಮಾನರು ತಟ್ಟೆಯನ್ನು ನೆಲಕ್ಕಿಟ್ಟರು. ಎದ್ದು, ತಮ್ಮ ಕುರ್ಚಿಯನ್ನು ಕರ್ರೋ ಎಂದು ಎಳೆದು ಹೆಂಡತಿಯ ಪಕ್ಕಕ್ಕೆ ತಂದು ಕೂತರು. ಕೆಳಗೆ ಎಷ್ಟು ಸದ್ದಾಯಿತೆಂದು ಯೋಚಿಸುವ ಸ್ಥಿತಿ ಅವರದಾಗಿರಲಿಲ್ಲ.

ಗಡಿಯಾರದಕ್ಕ ಎಡಗೈ ನೋಡಿಕೊಂಡರು. "ನಲವತ್ತು ನಿಮಿಷ," ಎಂದು ತಂಗಿಯನ್ನು ಎಬ್ಬಿಸಿ, "ಬನ್ನಿ ಮೇಡಂ, ಟೀ ಕುಡಿದು ಬರೋಣ," ಎಂದು ಬಾಗಿಲು ಎಳೆದುಕೊಂಡು ಹೋದರು. ನಲವತ್ತು ಎಂದರೆ ನಲವತ್ತೇ; ಒಂದು ನಿಮಿಷ ಮೊದಲೂ ಬರಲಿಲ್ಲ. ಅಷ್ಟು ಹೊತ್ತು ಒಳಗೆ ಏನು ಮಾತಾಯಿತೋ ತಂಗಿಗೆ ಇವತ್ತಿಗೂ ತಿಳಿದಿಲ್ಲ. ಬಾಗಿಲು ತೆರೆದಾಗ ಯಜಮಾನರ ಟೋಪಿ ಹೆಂಡತಿಯ ಮಡಿಲಲ್ಲಿತ್ತು. ಅವಳು ಅದರ ಬಿಚ್ಚಿಹೋಗಿದ್ದ ಅಂಚನ್ನು ಉಗುರಿನಿಂದ ಒತ್ತಿ ನೋಡುತ್ತಿದ್ದಳು.

"ಪಟ್ಟಿ ಹೊಸದಾಗಿ ಹಾಕಿ ಅಕ್ಕ. ನೋಡ್ತೀನಿ," ಎಂದಳು. ನೋಡುತ್ತೇನೆ ಎಂದಳೇ ಹೊರತು ಬರುತ್ತೇನೆ ಎನ್ನಲಿಲ್ಲ.

ಹೆಂಗಸರಿಬ್ಬರೂ ಕೆಳಗಿಳಿದ ಮೇಲೆ ಯಜಮಾನರು ಚೌಕಾಸಿಗೆ ನಿಂತರು.

"ಒಂಬತ್ತು ಊರು ಬೇಡ, ಒಪ್ಪಿದೆ. ಏಳಕ್ಕೆ ಬಿಡಿ."

"ನಾಲ್ಕು."

"ಅಕ್ಕ, ಅಷ್ಟು ದೂರ ಹೋಗಿ ನಾಲ್ಕಾ? ಆರು. ಕೋಟೆ ನೀವೇ ಇಟ್ಕೊಳ್ಳಿ."

"ನಾಲ್ಕು."

"ಐದೂವರೆ."

"ಅರ್ಧ ಊರು ಅಂದ್ರೆ ಏನ್ರೀ? ಊರ ಬಾಗಿಲಿಗೆ ಹೋಗಿ ವಾಪಸ್ ಬರ್ತೀರಾ?" ಗಡಿಯಾರದಕ್ಕ ಪೆನ್ನಿನ ಟೋಪಿ ತೆಗೆದರು. "ನಿಮ್ಮ ಬೆನ್ನು ಐವತ್ತೈದು ನಿಮಿಷದ್ದು. ತಂಗಿಯವರದು ಗಂಟೆಗೊಂದು ನಿಲುಗಡೆ. ಮನೆಯವರು ಎಷ್ಟು ಹೊತ್ತು ಕೂರಬಲ್ಲರು ಅಂತ ಇವತ್ತೇ ನೋಡಿದ್ರಲ್ಲ, ಅವರನ್ನ ಮೂವತ್ತು ವರ್ಷ ಕೂರಿಸಿದೀರ. ನಾಲ್ಕು."

ಯಜಮಾನರು ಸೋತು ಇಳಿದರು. ಯಾರೊಂದಿಗೋ ಚೌಕಾಸಿಯಲ್ಲಿ ಸೋತು ಮನಸ್ಸು ಹಗುರಾದದ್ದು ಅವರಿಗೆ ಅದೇ ಮೊದಲು.

ಗುರುವಾರವಿಡೀ ಯಾವುದಾದರೊಂದು ನೆಪ ಹೂಡಿ ಅವರು ಮೇಲೆ ಹೋಗುತ್ತಿದ್ದರು. ಒಳ್ಳೆಯ ಕೆಲಸಗಾರರು ಕೆಲಸ ಮಾಡುವುದನ್ನು ನೋಡುತ್ತಾ ನಿಲ್ಲುವುದು ಯಜಮಾನರ ಹಳೆಯ ಚಟ. ಗಡಿಯಾರದಕ್ಕ ಮೊದಲು ಇಡೀ ದಾರಿಯನ್ನೇ ತಿರುಗಿಸಿ ಹಾಕಿದರು. ಕೊನೆಯ ಊರಿಂದ ಶುರು, ಮೊದಲ ಊರಿಗೆ ಮುಕ್ತಾಯ. ಹಾಗೆ ಮಾಡಿದರೆ ಸಮುದ್ರ ನಮ್ಮ ಬದಿಗೇ ಬರುತ್ತದೆ, ನಿಲ್ಲಿಸಬೇಕೆನಿಸಿದಾಗ ಎದುರಿನ ಗಾಡಿಗಳನ್ನು ದಾಟಬೇಕಿಲ್ಲ. ಸಂಜೆಯ ಹೊತ್ತು ಸೂರ್ಯ ಡ್ರೈವರ್ ಕಣ್ಣಿಗೆ ಬೀಳುವ ತುಂಡನ್ನೆಲ್ಲ ಬೆಳಗಿಗೆ ತಂದರು. ಮೊದಲ ದಿನ ಒಂದೇ ಗಂಟೆಯ ಓಟ, ಅದೂ ನೇರ ರಸ್ತೆ. "ಅಲ್ಲಿ ಗಾಡಿ ಓಡೋದು ಇಲ್ಲಿಗೆ ವಿರುದ್ಧ ಬದೀಲಿ. ಒಂದೇ ವಿಷಯ ನೆನಪಿಡಿ: ನೀವು ಕೂತಿರೋ ಬದಿ ಯಾವಾಗಲೂ ರಸ್ತೆಯ ನಡುವಿಗೆ ಇರಬೇಕು. ಕಾಗದದಲ್ಲಿ ಬರೆದು ಸ್ಟೀರಿಂಗ್‌ಗೆ ಅಂಟಿಸ್ಕೊಳ್ಳಿ."

ಬಲಗೈ ಗಡಿಯಾರದಲ್ಲಿ ಬೆಳಗಾದ ಕೂಡಲೇ ಫೋನು ಹಿಡಿದರು. ಆ ದೇಶದ ಭಾಷೆಯ ನಲವತ್ತು ಪದ ಅವರಿಗೆ ಬರುತ್ತಿತ್ತು. ಮೂವತ್ತು ರಸ್ತೆಗೆ ಸಂಬಂಧಿಸಿದ್ದು, ಉಳಿದ ಹತ್ತು ಗದರಿಸುವುದಕ್ಕೆ. ಪೆಟ್ರೋಲ್ ಬಂಕಿನವನಿಗೆ ಫೋನು ಮಾಡಿ ಇವರು ಹೋಗುವ ತಿಂಗಳು ಎಲ್ಲಿ ಡಾಂಬರು ಹಾಕುತ್ತಾರೆಂದು ಕೇಳಿದರು. ಸರೋವರದ ಪಕ್ಕದ ವಸತಿಗೃಹದ ಒಡತಿಯನ್ನು, ನಿಘಂಟು ತೆರೆದಿಟ್ಟುಕೊಂಡು, ಒಂದೇ ಪ್ರಶ್ನೆ ಕೇಳಿದರು: ಬೆಳಗ್ಗೆ ನೀವು ಟೀ ಕುಡಿಯೋದು ಯಾವ ಕಿಟಕಿ ಪಕ್ಕ? ಆ ಕಡೆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಸಿಕೊಂಡರು. ಆಮೇಲೆ ಒಡತಿ ನಗುತ್ತಾ ಏನೋ ಹೇಳಿದಳು.

"ಅವರ ಅಡುಗೆಮನೆ ಮೇಲಿನ ರೂಮು. ಸಾಮಾನ್ಯವಾಗಿ ಯಾರಿಗೂ ಕೊಡಲ್ಲವಂತೆ," ಎಂದರು ಗಡಿಯಾರದಕ್ಕ ಫೋನಿಟ್ಟು. "ನಿಮಗೆ ಸಿಕ್ತು."

ಅಷ್ಟು ದೂರದ ಹೆಂಗಸಿನ ಅಡುಗೆಮನೆಯ ತನಕ ಈ ಕೋಣೆಯಿಂದಲೇ ಹೋಗಿ ಬಂದರಲ್ಲ ಎಂದು ಯಜಮಾನರು ಬೆರಗಾದರು. ಆದರೆ ಹೊಗಳುವ ಅಭ್ಯಾಸವಿಲ್ಲದ ಕಾರಣ, "ಫ್ಯಾನ್ ಸದ್ದು ಮಾಡ್ತಿದೆ, ಎಣ್ಣೆ ಹಾಕಿಸ್ತೀನಿ," ಎಂದು ಹೇಳಿ ಕೆಳಗೆ ಬಂದರು.

ಶುಕ್ರವಾರ ಮೂರು ಗಂಟೆಗೆ ಗಡಿಯಾರದಕ್ಕ ಪಟ್ಟಿ ಹಿಡಿದು ತಾವೇ ಅಂಗಡಿಗೆ ಇಳಿದು ಬಂದರು. ಕೈ ಚಾಚಿದ ಯಜಮಾನರನ್ನು ದಾಟಿ ನೇರ ಹಿಂದಿನ ಕೋಣೆಗೆ ಹೋಗಿ, ಹೊಲಿಗೆ ಯಂತ್ರದ ಮೇಲೆ ಹಾಳೆಗಳನ್ನಿಟ್ಟರು. ಹೆಂಡತಿ ಯಂತ್ರ ನಿಲ್ಲಿಸಿ ಓದತೊಡಗಿದಳು. ಯಜಮಾನರು ಧೂಳಿಲ್ಲದ ಬ್ಯಾಗುಗಳ ಧೂಳು ಕೊಡವುತ್ತಾ ಬಾಗಿಲ ಬಳಿ ನಿಂತರು. ಪಟ್ಟಿಯ ಕೆಲವು ಸಾಲು ಅವರಿಗೂ ಕಾಣುತ್ತಿತ್ತು. 'ಮೊದಲ ಎರಡು ದಿನ ಮುಂದಿನ ಸೀಟು: ಮನೆಯವರು.' 'ಮೂರನೇ ದಿನ ಡ್ರೈವರ್: ತಂಗಿ. ಯಜಮಾನರು: ಹಿಂದಿನ ಸೀಟು, ಮನೆಯವರ ಜೊತೆ. ಸಲಹೆ ಕೊಡುವಂತಿಲ್ಲ.'

ಹೆಂಡತಿ ಮೂರು ಹಾಳೆ ಮುಗಿಸಿದಳು. ಯಜಮಾನರು ಅದೇ ಬ್ಯಾಗನ್ನು ಮೂರನೇ ಸಲ ಕೊಡವಿದರು. ನಾಲ್ಕನೇ ಹಾಳೆ ಮುಗಿಸಿ ಮತ್ತೆ ಎರಡನೆಯದಕ್ಕೆ ಬಂದಳು.

"ಅಕ್ಕ, ಎರಡನೇ ದಿನ ಎಂಟೂವರೆಗೆ ಹೊರಡೋದು ಅಂತ ಹಾಕಿದೀರ."

"ಹೌದು."

"ಬಹಳ ಬೇಗ ಆಯ್ತು. ಹತ್ತು ಮಾಡಿ."

ಆಗಲಿ ಹತ್ತೇ ಮಾಡಿ, ಹನ್ನೊಂದೇ ಮಾಡಿ ಎನ್ನಲು ಯಜಮಾನರ ನಾಲಿಗೆ ತುದಿಯವರೆಗೆ ಬಂದಿತ್ತು. ನುಂಗಿಕೊಂಡರು. ಅಂಗಡಿಯಲ್ಲಿ ನಿಂತು ಕಲಿತದ್ದು ಅವರಿಗೆ ಮರೆತಿರಲಿಲ್ಲ. ಬ್ಯಾಗು ಚೆನ್ನಾಗಿದೆ ಎಂದು ಹೊಗಳುವವರು ಬಾಗಿಲ ಕಡೆ ನಡೆಯುತ್ತಾರೆ. ಹಿಡಿಕೆ ಸ್ವಲ್ಪ ಉದ್ದ, ಬಣ್ಣ ಸ್ವಲ್ಪ ಗಾಢ ಎಂದು ತಕರಾರು ತೆಗೆದವರ ಮನಸ್ಸಿನಲ್ಲಿ ಬ್ಯಾಗು ಆಗಲೇ ಅವರ ಮನೆ ಸೇರಿರುತ್ತದೆ. ಆಗ ಮಾರುವವನು ಬಾಯಿ ಬಿಡಬಾರದು.

"ಹತ್ತಕ್ಕೆ ಹೊರಟರೆ ದೋಣಿ ತಪ್ಪುತ್ತೆ," ಎಂದರು ಗಡಿಯಾರದಕ್ಕ.

"ಮುಂದಿನ ದೋಣಿ ಇರುತ್ತಲ್ಲ."

"ಇರುತ್ತೆ, ಒಂದೂವರೆಗೆ. ಊಟ ಯಾವಾಗ ಮಾಡ್ತೀರ? ಒಂಬತ್ತು."

"ಒಂಬತ್ತೂವರೆ. ಅಲ್ಲೂ ನನ್ನನ್ನ ಅಲಾರಂ ಎಬ್ಬಿಸಬೇಕಾ ಅಕ್ಕ?"

"ಒಂಬತ್ತೂಕಾಲು. ಇದಕ್ಕಿಂತ ಒಂದು ನಿಮಿಷ ಕೊಡಲ್ಲ. ಮೂವತ್ತೊಂದು ವರ್ಷ ಡ್ರೈವರ್‌ಗಳ ಹತ್ರ ಇದೇ ಜಗಳ ಆಡಿದೀನಿ."

ಹೆಂಡತಿ ತಲೆ ಎತ್ತದೆ ಕೈಯನ್ನು ಬಾಗಿಲ ಕಡೆ ಚಾಚಿದಳು. "ಏನ್ರೀ, ಪೆನ್ನು."

ಯಜಮಾನರು ಓಡಿಹೋಗಿ ಪೆನ್ನಿನ ಜೊತೆ ಅರ್ಜಿಯನ್ನೂ ತಂದರು. ಅವಳು ಅರ್ಜಿಯನ್ನು ಎಳೆದುಕೊಂಡು ಖಾಲಿಯಿದ್ದ ಜಾಗದಲ್ಲಿ ಸಹಿ ಹಾಕಿದಳು, ಅಕ್ಷರ ಅಕ್ಷರವಾಗಿ, ಹೊಲಿಗೆ ಹಾಕುವಷ್ಟು ನಿಧಾನವಾಗಿ. ಹಾಕಿ ಮುಗಿದ ಮೇಲೂ ಪೆನ್ನು ವಾಪಸ್ ಕೊಡಲಿಲ್ಲ. ಪಟ್ಟಿಯ ಹಾಳೆ ತಿರುಗಿಸಿ ಬೆರಳಿಟ್ಟಳು. "ಅಕ್ಕ, ಈ ನಾಲ್ಕನೇ ದಿನದ ಬೆಟ್ಟ ಇದೆಯಲ್ಲ..."

ಎರಡನೇ ದಿನದ ವೇಳೆ ಬದಲಾದ್ದರಿಂದ ಅದರ ನಂತರ ಬರುವುದೆಲ್ಲ ಬದಲಾಗಬೇಕಿತ್ತು. ಗಡಿಯಾರದಕ್ಕ ಗೊಣಗದೆ ಎಲ್ಲಾ ಸಾಲುಗಳನ್ನೂ ಹೊಡೆದುಹಾಕಿ ಹೊಸದಾಗಿ ಬರೆಯತೊಡಗಿದ್ದರು. ಈಗ ಬೆಟ್ಟದ ಸಾಲಿಗೆ ಬಂದು, "ಏನು ಬೆಟ್ಟಕ್ಕೆ?" ಎಂದರು, ಕಾದಾಟಕ್ಕೆ ಸಿದ್ಧರಾಗಿ.

ವೀಸಾ ಕಚೇರಿ ಐದಕ್ಕೆ ಮುಚ್ಚುತ್ತದೆ, ಈಗಾಗಲೇ ಮೂರೂ ಮುಕ್ಕಾಲು ಎಂದು ಹೇಳಬೇಕೆನಿಸಿತು ಯಜಮಾನರಿಗೆ. ಆದರೆ ಗಡಿಯಾರದಕ್ಕ ನಿಂತೇ ಬರೆಯುತ್ತಿದ್ದುದನ್ನು ನೋಡಿ ಮುಂಗಟ್ಟಿನಿಂದ ಒಂದು ಸ್ಟೂಲು ತಂದು ಹಾಕಿ, ಇಬ್ಬರ ನಡುವೆ ಬೆಟ್ಟ ತೀರ್ಮಾನವಾಗುವ ತನಕ ಪಕ್ಕದಲ್ಲಿ ಕೈಕಟ್ಟಿ ನಿಂತರು.